ಹಳೇ ಡೀಸೆಲ್ ಜೀಪ್ ಗುಜರಿಗೆ ಹಾಕಿದರೆ ಸಹಾಯಧನ ಸಿಗುತ್ತಾ?

ಸೋಮವಾರಪೇಟೆ ತೋಟದಲ್ಲಿ ಹೊಗೆ ಕಾರುತ್ತಾ ನಿಂತಿರುವ 2003ರ ಜೀಪ್ ಬಗ್ಗೆ ಕೇಳಿದ್ದೀರಿ. ಕೇಂದ್ರದ ಗುಜರಿ ನೀತಿಯಲ್ಲಿ ನೇರವಾಗಿ ಕೈಗೆ ದುಡ್ಡು ಕೊಡುವ ಸಹಾಯಧನ ಇಲ್ಲ. ಲಾಭ ಇರುವುದು ಹೊಸ ಗಾಡಿ ತಗೊಳ್ಳುವಾಗ.

ದಯವಿಟ್ಟು ರಸ್ತೆ ಬದಿಯ ಗುಜರಿಯವರಿಗೆ ಮಾತ್ರ ಕೊಡಬೇಡಿ. ಗಾಡಿ ಬಿಚ್ಚಿ ಮಾರಿದರೂ ಆರ್‌ಸಿ ನಿಮ್ಮ ಹೆಸರಲ್ಲೇ ಉಳಿಯುತ್ತದೆ. ನಾಳೆ ಆ ಚಾಸಿ ನಂಬರ್ ಎಲ್ಲೋ ಸಿಕ್ಕಿಬಿದ್ದರೆ ಪೊಲೀಸರು ಬರುವುದು ನಿಮ್ಮ ಮನೆಗೇ, ಅಲ್ವಾ?

ನೋಂದಾಯಿತ ಗುಜರಿ ಕೇಂದ್ರಕ್ಕೇ ಕೊಡಿ. ಅರ್ಜಿಯನ್ನು ಆನ್‌ಲೈನಲ್ಲೇ ಹಾಕಬಹುದು. ಆರ್‌ಸಿ, ಗುರುತಿನ ಚೀಟಿ, ಬ್ಯಾಂಕ್ ವಿವರ ಇಟ್ಟುಕೊಳ್ಳಿ. ಸಾಲ ಇದ್ದಿದ್ದರೆ ಮೊದಲು ಬ್ಯಾಂಕಿನಿಂದ ಎನ್‌ಒಸಿ ತನ್ನಿ, ಬಾಕಿ ದಂಡ ಕಟ್ಟಿ. ಕೊಡಗಿನಿಂದ ಗಾಡಿ ಸಾಗಿಸುವ ಖರ್ಚು ಯಾರದು ಅಂತ ಫೋನಲ್ಲೇ ಕೇಳಿ. ಸುಮ್ನೆ ಒಪ್ಪಿಕೊಂಡರೆ ಬಂದ ಗುಜರಿ ದುಡ್ಡಲ್ಲಿ ಜಾಸ್ತಿ ಪಾಲು ಟೋಯಿಂಗಿಗೇ ಹೋಗುತ್ತದೆ.

ಗಾಡಿ ಒಪ್ಪಿಸಿಕೊಂಡಿದ್ದಕ್ಕೆ ಕೇಂದ್ರದವರು ಕೊಡುವ ಠೇವಣಿ ಪ್ರಮಾಣಪತ್ರ (ಸರ್ಟಿಫಿಕೇಟ್ ಆಫ್ ಡೆಪಾಸಿಟ್) ಜೋಪಾನ. ಅದನ್ನು ತೋರಿಸಿದರೆ ಹೊಸ ಗಾಡಿಯ ನೋಂದಣಿ ಶುಲ್ಕ ಮನ್ನಾ. ಕೇಂದ್ರದ ನಿಯಮದಂತೆ ರಸ್ತೆ ತೆರಿಗೆಯಲ್ಲಿ ಸ್ವಂತ ಬಳಕೆಯ ಗಾಡಿಗೆ ಶೇ. 25, ಬಾಡಿಗೆ ಗಾಡಿಗೆ ಶೇ. 15ರವರೆಗೂ ರಿಯಾಯಿತಿ ಕೊಡಬಹುದು. ನಿಮ್ಮ ಗಾಡಿಗೆ ಎಷ್ಟು ಅಂತ ಬುಕ್ ಮಾಡುವ ಮೊದಲೇ ಮಡಿಕೇರಿ ಆರ್‌ಟಿಒದಲ್ಲಿ ಕೇಳಿಕೊಳ್ಳಿ.