ಹುಲಿ ಸೋಲುವುದನ್ನೂ ಮಕ್ಕಳು ನೋಡಲಿ

ಓದುಗರ ಪತ್ರ: ನನ್ನ ಇಬ್ಬರು ಮಕ್ಕಳಿಗೆ ಮನೆಯಲ್ಲೇ ಪಾಠ ಮಾಡುತ್ತೇನೆ. ಮಗನಿಗೆ ಒಂಬತ್ತು ವರ್ಷ, ಮಗಳಿಗೆ ಆರು. ವಾರಕ್ಕೊಂದು ಬೇಟೆ ಪ್ರಾಣಿಯ ಪಾಠ ಶುರು ಮಾಡಿದ್ದೇವೆ. ಮುಖವಾಡ, ಚಾರ್ಟು, ಬಣ್ಣ ಹಚ್ಚುವುದು ಎಲ್ಲ ಆಯಿತು. ಮಗನಿಗೆ ಹುಲಿಯೇ ಹೀರೋ. ಮಗಳು ಮಾತ್ರ ‘ತೋಳ ಕೆಟ್ಟದ್ದು, ಸಾಯಲಿ’ ಅಂತಾಳೆ. ಮುಂದೆ ಏನು ಮಾಡಿಸಲಿ? ಬೇಟೆಯ ವಿಡಿಯೋ ತೋರಿಸಬಹುದಾ? ಗೂಬೆ ಉಗುಳಿದ ಉಂಡೆಯನ್ನು ಬಿಡಿಸಿ ನೋಡುವುದು ಸುರಕ್ಷಿತವಾ? (ಹೆಸರು ಬೇಡ)

ಸಂಪಾದಕರ ಉತ್ತರ:

ಮುಖವಾಡ ಮಾಡಿಸಿದ್ದು ಒಳ್ಳೆಯದೇ. ಆದರೆ ಮುಖವಾಡದ ಹುಲಿಗೆ ಹಸಿವಾಗುವುದಿಲ್ಲ, ಅಲ್ವಾ? ನಿಮ್ಮ ಮಗನ ಹೀರೋ, ಮಗಳ ವಿಲನ್ ಇಬ್ಬರೂ ಹುಟ್ಟಿದ್ದು ಒಂದೇ ನಂಬಿಕೆಯಿಂದ: ಬೇಟೆ ಪ್ರಾಣಿ ಹಾರಿತು ಅಂದರೆ ಬೇಟೆ ಸಿಕ್ಕಿತು. ಕಾಡಿನಲ್ಲಿ ಹಾಗಿಲ್ಲ. ಸಿಂಹದ ಬೇಟೆ ಸುಮಾರಾಗಿ ನಾಲ್ಕು ಸಲಕ್ಕೆ ಒಮ್ಮೆ ಫಲಿಸುತ್ತದೆ. ಹುಲಿಯದು ಅದಕ್ಕಿಂತಲೂ ಕಡಿಮೆ. ಹಾಗಾಗಿ ಮಕ್ಕಳು ಬೇಟೆಯಲ್ಲಿ ಸೋಲುವಂಥ ಆಟ ಹುಡುಕಿ.

ಒಂದು ದಾಳ, ಒಂದಿಷ್ಟು ಕಲ್ಲು ಸಾಕು. ಪ್ರತಿ ಮಗುವಿಗೂ ಹತ್ತು ಕಲ್ಲು ಕೊಡಿ. ಅದು ಪ್ರಾಣಿಯ ಮೈಯಲ್ಲಿರುವ ಶಕ್ತಿ. ಒಂದು ಸಲ ದಾಳ ಹಾಕಿದರೆ ಒಂದು ಬೇಟೆಗೆ ಓಡಿದಂತೆ, ಒಂದು ಕಲ್ಲು ಖರ್ಚು. ಆರು ಬಿದ್ದರೆ ಮಾತ್ರ ಜಿಂಕೆ ಸಿಕ್ಕಿತು, ಆರು ಕಲ್ಲು ಬಂತು. ಕಲ್ಲು ಮುಗಿದರೆ ಪ್ರಾಣಿ ಸತ್ತಿತು. ಲೆಕ್ಕ ಹಾಕಿದರೆ ಬರುವುದೂ ಹೋಗುವುದೂ ಸರಿಸಮ. ಆದರೂ ಹಸಿದ ಹೊತ್ತಿಗೆ ಆರು ಬೀಳುವುದಿಲ್ಲ! ಅದು ಅರ್ಥವಾದ ಮೇಲೆ ಹುಲಿಗೆ ಎರಡು ಮರಿ ಕೊಡಿ. ನಾಲ್ಕು ಸಲ ದಾಳ ಹಾಕಿದಾಗೊಮ್ಮೆ ಮರಿಗಳ ಪಾಲೆಂದು ಇನ್ನೊಂದು ಕಲ್ಲು ತೆಗೆದಿಡಬೇಕು. ನಿಮ್ಮ ಮಗ ‘ಇದು ಮೋಸ’ ಎಂದು ಜಗಳಕ್ಕೆ ಬರುತ್ತಾನೆ. ಬರಲಿ, ನಿಯಮ ಸಡಿಲಿಸಬೇಡಿ.

ಮಗಳಿಗೆ ತೋಳದ ಪಾತ್ರ ಕೊಡಿ. ತೋಳ ಸಾಯಲಿ ಎಂದವಳೇ ಆರು ಬೀಳಲಿ ಅಂತ ದಾಳಕ್ಕೆ ಉಫ್ ಎಂದು ಊದುತ್ತಾಳೆ, ನೋಡುತ್ತಿರಿ. ಇನ್ನೊಂದು ದಿನ ಅವಳೇ ಜಿಂಕೆಯಾಗಲಿ. ಆಗ ಆರು ಬೀಳದಿರಲಿ ಎಂದು ಬೇಡಿಕೊಳ್ಳಲಿ. ಎಲ್ಲ ಬೇಟೆಗಾರರೂ ಹೀಗೇ ಸೋಲುತ್ತಾರೆ ಅಂತಲ್ಲ. ಏರೋಪ್ಲೇನ್ ಚಿಟ್ಟೆ ಪ್ರಯೋಗಗಳಲ್ಲಿ 100ಕ್ಕೆ 95ರಷ್ಟು ಸಲ ಬೇಟೆ ಹಿಡಿದದ್ದುಂಟು. ಹುಲಿಯೇ ಹೀರೋ ಎನ್ನುವ ಹುಡುಗನಿಗೆ ಈ ಸುದ್ದಿ ತಲುಪಿಸಿ.

ಇನ್ನೊಂದು ಚಟುವಟಿಕೆ ನನಗೆ ಇದಕ್ಕಿಂತ ಇಷ್ಟ. ಒಂದು ಲೀಟರ್ ನೀರು ಅಳೆಯಿರಿ. ಅದು ಹುಲ್ಲು. ಅದರಲ್ಲಿ 100 ಮಿಲಿ ಲೀಟರ್ ಮಾತ್ರ ಮಿಡತೆಯ ಲೋಟಕ್ಕೆ. ಅದರಿಂದ 10 ಮಿಲಿ ಕಪ್ಪೆಗೆ. ಸೂಜಿಯಿಲ್ಲದ ಸಿರಿಂಜಿನಿಂದ 1 ಮಿಲಿ ಹಾವಿಗೆ. ಹದ್ದಿಗೆ ಬರುವಾಗ ಡ್ರಾಪರಿನ ಎರಡು ಹನಿ! ಮಿಕ್ಕ ನೀರೆಲ್ಲ ಎಲ್ಲಿ ಹೋಯಿತು ಅಂತ ಕೇಳೇ ಕೇಳುತ್ತಾರೆ. ಒಂದಷ್ಟನ್ನು ಯಾರೂ ತಿನ್ನಲೇ ಇಲ್ಲ. ತಿಂದದ್ದರಲ್ಲಿ ಒಂದಷ್ಟು ಜೀರ್ಣವಾಗದೆ ಹೊರಗೆ ಹೋಯಿತು. ಉಳಿದದ್ದರಲ್ಲಿ ಹೆಚ್ಚಿನದು ಓಡಾಟ, ಉಸಿರಾಟಕ್ಕೆ ಖರ್ಚಾಗಿ ಶಾಖವಾಯಿತು. ಹತ್ತರಲ್ಲಿ ಒಂದು ಪಾಲು ಎಂಬುದು ಅಂದಾಜು, ಒಂದೊಂದು ಕಡೆ ಒಂದೊಂದು ಥರ. ಆದರೆ ಕಾಡಿನಲ್ಲಿ ಜಿಂಕೆ ಅಷ್ಟೊಂದು, ಹುಲಿ ಇಷ್ಟೇ ಯಾಕೆ ಎಂಬ ಪ್ರಶ್ನೆಗೆ ಉತ್ತರ ಆ ಲೋಟಗಳಲ್ಲೇ ಇದೆ. ನೀರು ಸುರಿಯುವ ಕೆಲಸ ಪೂರ್ತಿ ಮಗಳಿಗೇ ಬಿಡಿ. ನೆಲ ಒದ್ದೆಯಾದರೆ ಆಗಲಿ.

‘ಕೆಟ್ಟ ತೋಳ’ಕ್ಕೆ ಉಪದೇಶ ಬೇಡ, ನಕ್ಷತ್ರ ಮೀನಿನ ಕತೆ ಹೇಳಿ. ರಾಬರ್ಟ್ ಪೇನ್ ಎಂಬ ವಿಜ್ಞಾನಿ 1963ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಡಲತೀರದಲ್ಲಿ ಒಂದು ಬಂಡೆ ಆರಿಸಿಕೊಂಡರು. ಅಲ್ಲಿನ ಬೇಟೆಗಾರ ನಕ್ಷತ್ರ ಮೀನುಗಳನ್ನು ಕಿತ್ತು ಕಿತ್ತು ಸಮುದ್ರಕ್ಕೆ ಎಸೆಯುತ್ತಾ ಬಂದರು. ನಕ್ಷತ್ರ ಮೀನು ತಿನ್ನುತ್ತಿದ್ದ ಮಸ್ಸೆಲ್ ಎಂಬ ಚಿಪ್ಪುಜೀವಿ ಬಂಡೆ ತುಂಬಾ ಹಬ್ಬಿತು. 15 ಬಗೆಯ ಜೀವಿಗಳಿದ್ದ ಕಡೆ ಉಳಿದದ್ದು 8. ಒಂದು ತಟ್ಟೆಯಲ್ಲಿ ನಾಲ್ಕು ಬಣ್ಣದ ಗುಂಡಿ ಹರಡಿ ಇದನ್ನೇ ಆಡಿಸಬಹುದು. ಕೆಂಪು ಗುಂಡಿ ಪ್ರತಿ ಸುತ್ತಿನಲ್ಲೂ ಎರಡರಷ್ಟಾಗಬೇಕು, ಜಾಗ ಸಾಲದಿದ್ದರೆ ಬೇರೆ ಬಣ್ಣವನ್ನು ಹೊರಗೆ ತಳ್ಳಬೇಕು. ಮೊದಲ ಆಟದಲ್ಲಿ ಮಗಳು ನಕ್ಷತ್ರ ಮೀನಾಗಿ ಕೆಂಪನ್ನು ಬಾಚಿ ತಿನ್ನಲಿ. ಎರಡನೆಯದರಲ್ಲಿ ಅವಳು ಸುಮ್ನೆ ಕೂರಲಿ.

ಯೆಲ್ಲೋಸ್ಟೋನ್‌ ಎಂಬ ಅಮೆರಿಕದ ಕಾಡಿಗೆ 1995ರಲ್ಲಿ ತೋಳಗಳನ್ನು ಬಿಟ್ಟ ಮೇಲೆ ನದಿಗಳೇ ದಾರಿ ಬದಲಿಸಿದವು ಎಂಬ ಕತೆಯೂ ನಿಮ್ಮ ಕಣ್ಣಿಗೆ ಬಿದ್ದಿರಬಹುದು. ಕೇಳಲು ಚೆನ್ನಾಗಿದೆ. ಆದರೆ ತೋಳಗಳಿಂದ ಅಲ್ಲಿ ಆದದ್ದೆಷ್ಟು ಎಂದು ವಿಜ್ಞಾನಿಗಳು ಇನ್ನೂ ವಾದಿಸುತ್ತಿದ್ದಾರೆ. ಸದ್ಯಕ್ಕೆ ಬಿಟ್ಟುಬಿಡಿ. ಇಲ್ಲದಿದ್ದರೆ ಕೆಟ್ಟ ತೋಳದ ಜಾಗದಲ್ಲಿ ದೇವರಂಥ ತೋಳ ಬಂದು ಕೂರುತ್ತದೆ, ಅಷ್ಟೇ.

ವಿಡಿಯೋ? ಮಗಳಿಗೆ ಈಗ ಬೇಡ. ರಕ್ತ ಒಂದು ಕಾರಣ. ತಪ್ಪಿದ ಬೇಟೆಗಳನ್ನು ಹೆಚ್ಚಾಗಿ ಕತ್ತರಿಸಿ, ಗೆದ್ದದ್ದನ್ನೇ ತೋರಿಸುತ್ತಾರೆ ಎಂಬುದು ಇನ್ನೊಂದು. ಅದರ ಬದಲು ರಾತ್ರಿ ದೀಪದ ಬಳಿ ಕಾದಿರುವ ಹಲ್ಲಿಯನ್ನೋ ಮೂಲೆಯ ಜೇಡವನ್ನೋ ನೋಡಲಿ. ಸಿಕ್ಕಿದ್ದೆಷ್ಟು, ತಪ್ಪಿದ್ದೆಷ್ಟು ಎಂದು ಗೆರೆ ಎಳೆಯುತ್ತಾ ಹೋಗಲಿ.

ಗೂಬೆಯ ಉಂಡೆ ಮಗನಿಗೆ ಹೇಳಿ ಮಾಡಿಸಿದ್ದು. ಗೂಬೆ ಇಲಿಯನ್ನು ಸಾಮಾನ್ಯವಾಗಿ ಇಡಿಯಾಗಿ ನುಂಗುತ್ತದೆ. ಕರಗದ ಮೂಳೆ, ಕೂದಲನ್ನು ಉಂಡೆ ಮಾಡಿ ಬಾಯಿಂದ ಉಗುಳುತ್ತದೆ. ಗಿಡುಗದ ಹೊಟ್ಟೆಯ ಆಮ್ಲ ಜೋರು, ಅದರ ಉಂಡೆಯಲ್ಲಿ ಮೂಳೆ ಅಷ್ಟಾಗಿ ಸಿಗುವುದಿಲ್ಲ. ಮರದ ಕೆಳಗೆ ಬಿದ್ದದ್ದನ್ನು ಹೆಕ್ಕಿ ತಂದು ನೇರವಾಗಿ ಬಿಡಿಸಬೇಡಿ, ಸಾಲ್ಮೊನೆಲ್ಲಾದಂಥ ರೋಗಾಣು ಇರಬಹುದು. ಬಿಸಿ ಮಾಡಿ ರೋಗಾಣು ಕೊಂದ ಉಂಡೆಗಳು ಪಾಠಕ್ಕೆಂದೇ ಸಿಗುತ್ತವೆ, ಅವನ್ನೇ ತರಿಸಿ. ಆಗಲೂ ಕೈಗವಸು ಬೇಕು, ಊಟದ ಮೇಜು ಬೇಡ, ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕು. ಮೊದಲು ತಲೆಬುರುಡೆ ಹುಡುಕಲಿ. ಒಂದೇ ಉಂಡೆಯಲ್ಲಿ ಎರಡು ಮೂರು ಸಿಕ್ಕರೂ ಆಶ್ಚರ್ಯವಿಲ್ಲ. ಮಗಳು ಮೂಗು ಮುಚ್ಚಿಕೊಂಡರೆ ಒತ್ತಾಯ ಮಾಡಬೇಡಿ. ಅವಳು ದೂರದಲ್ಲಿ ಕೂತು, ಅಣ್ಣ ಕೂಗಿ ಹೇಳಿದ ಮೂಳೆಗಳ ಪಟ್ಟಿ ಬರೆದುಕೊಳ್ಳಲಿ.