ಚರಣ ಎಲ್ಲಿ ಹೋಯಿತು? ಹೊಸ ತಮಿಳು ಚಿತ್ರಗೀತೆಗಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಾನು ಹಲಸೂರಿನಲ್ಲಿ ಬೆಳೆದವನು. ಮನೆಮಾತು ಕನ್ನಡವಾದರೂ ಅಕ್ಕಪಕ್ಕದ ಮನೆಗಳ ರೇಡಿಯೊದಲ್ಲಿ ಬರುತ್ತಿದ್ದ ಹಾಡುಗಳನ್ನು ಕೇಳುತ್ತಲೇ ತಮಿಳು ಕಲಿತೆ. ಈಗಿನ ತಮಿಳು ಚಿತ್ರಗಳ ಹಾಡುಗಳು ಮೊದಲ ಸಲ ಕೇಳಿದಾಗ ಹಿಡಿಸುತ್ತವೆ. ವಾರ ಕಳೆದರೆ ಒಂದು ಸಾಲೂ ನೆನಪಿನಲ್ಲಿ ನಿಲ್ಲುವುದಿಲ್ಲ. ಇದು ನನ್ನ ವಯಸ್ಸಿನ ದೋಷವೋ, ಹಾಡುಗಳ ದೋಷವೋ?
– ಓದುಗರು, ಹಲಸೂರು

ಉತ್ತರ: ವಯಸ್ಸಿನ ಪಾಲು ಸ್ವಲ್ಪ ಇದೆ. ಹದಿಹರೆಯದಲ್ಲಿ ಕೇಳಿದ ಹಾಡಿಗೆ ಆ ದಿನಗಳ ನೆನಪೂ ಅಂಟಿಕೊಂಡಿರುತ್ತದೆ. ಅಲ್ಲದೆ, 1980ರ ದಶಕದಲ್ಲಿ ಬಂದ ಸಾಧಾರಣ ಹಾಡುಗಳನ್ನೆಲ್ಲ ಮರೆತು, ಉಳಿದುಕೊಂಡ ಒಳ್ಳೆಯವನ್ನು ಮಾತ್ರ ತಂದು ಇಂದಿನ ಎಲ್ಲ ಹಾಡುಗಳ ಎದುರಿಗೆ ನಿಲ್ಲಿಸುವುದು ನಮ್ಮೆಲ್ಲರ ರೂಢಿ, ಅದು ನ್ಯಾಯವಲ್ಲ. ಇಷ್ಟನ್ನು ಒಪ್ಪಿಕೊಂಡ ಮೇಲೂ ನಿಮ್ಮ ಕಿವಿ ಹೇಳುತ್ತಿರುವುದು ನಿಜವೆಂದೇ ನನ್ನ ಅಭಿಪ್ರಾಯ. ಕೊರತೆ ಇರುವುದು ಚರಣದಲ್ಲಿ, ಎಂದರೆ ಮತ್ತೆ ಮತ್ತೆ ಬರುವ ಪಲ್ಲವಿಯ ನಡುವೆ ಹಾಡನ್ನು ಬೆಳೆಸುವ ಭಾಗದಲ್ಲಿ.

ನಿಮ್ಮ ಪತ್ರ ಬಂದ ಸಂಜೆ ನಾನು ಕಾಗದ, ಪೆನ್ಸಿಲು ಹಿಡಿದು ಕುಳಿತು ಮೊದಲಿಗೆ ‘ಪಲ್ಲವಿ ಅನುಪಲ್ಲವಿ’ ಚಿತ್ರದ ‘ನಗುವ ನಯನ’ ಹಾಡನ್ನು ಕೇಳಿದೆ. 1983ರ ಆ ಚಿತ್ರ ಮಣಿರತ್ನಂ ಅವರ ಮೊದಲ ಚಿತ್ರ. ಸಂಗೀತ ಇಳಯರಾಜ ಅವರದು, ಹಾಡಿದವರು ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಎಸ್. ಜಾನಕಿ. ತಮಿಳು ಹಾಡಿನ ಪ್ರಶ್ನೆಗೆ ಕನ್ನಡದ ಹಾಡೇಕೆ ಎಂದು ಕೇಳಬಹುದು. 1976ರಲ್ಲಿ ‘ಅನ್ನಕ್ಕಿಳಿ’ಯಿಂದ ಸ್ವತಂತ್ರ ಸಂಗೀತ ನಿರ್ದೇಶಕರಾಗುವುದಕ್ಕೆ ಮುನ್ನ ಇಳಯರಾಜ ಅವರು ನಮ್ಮ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿ ದುಡಿದವರು. ಮದ್ರಾಸಿನ ರೆಕಾರ್ಡಿಂಗ್ ಥಿಯೇಟರುಗಳಲ್ಲಿ ಎರಡೂ ಭಾಷೆಗಳ ಹಾಡುಗಳು ಒಂದೇ ಕಸುಬಿನ ಕೈಗಳಿಂದ ಮೂಡಿಬಂದವು. ಆದ್ದರಿಂದ ಆ ಕಸುಬನ್ನು ಗುರುತಿಸಲು ನಮಗೆ ಗೊತ್ತಿರುವ ಹಾಡೇ ಸಾಕು.

ಕಾಗದದ ಮೇಲೆ ಕಂಡದ್ದು ಇಷ್ಟು: ಪಲ್ಲವಿ, ಒಂದು ಬಿಜಿಎಂ ಬಿಟ್ (ವಾದ್ಯಗಳಷ್ಟೇ ನುಡಿಯುವ ತುಣುಕು), ಚರಣ, ಮತ್ತೆ ಪಲ್ಲವಿ, ಇನ್ನೊಂದು ಬಿಟ್, ಇನ್ನೊಂದು ಚರಣ. ಪಲ್ಲವಿಯಲ್ಲಿ ಹೇಳಿದ್ದನ್ನು ಚರಣ ಬೇರೆ ಎತ್ತರಕ್ಕೆ ಕೊಂಡೊಯ್ಯುತ್ತದೆ, ಅಲ್ಲಿಂದ ನಿಧಾನವಾಗಿ ಇಳಿದು ಪಲ್ಲವಿಯ ಬಾಗಿಲಿಗೆ ತಂದು ಬಿಡುತ್ತದೆ. ಹಾಗೆ ಮರಳಿ ಬಂದಾಗ ಅದೇ ಪಲ್ಲವಿ ಹೊಸದಾಗಿ ಕೇಳಿಸುತ್ತದೆ. ನೆನಪಿನಲ್ಲಿ ನಿಲ್ಲುವುದು ಈ ಹೋಗಿಬರುವ ದಾರಿಯೇ ಹೊರತು ಪಲ್ಲವಿಯೊಂದೇ ಅಲ್ಲ. ಆ ಬಳಿಕ ಇತ್ತೀಚಿನ ಒಂದು ತಮಿಳು ಹಾಡನ್ನು ಹಾಕಿದೆ. ಅದರಲ್ಲಿ ಪಲ್ಲವಿಯ ಒಂದೇ ಸಾಲು ಐದು ಸಲ ಬಂದಿತು. ಚರಣವೆಂದು ಕರೆಯಬಹುದಾದ ಭಾಗ ಒಂದೇ ಇತ್ತು, ಅದೂ ಇಪ್ಪತ್ತು ಸೆಕೆಂಡುಗಳಿಗಿಂತ ಕಡಿಮೆ. ಉಳಿದ ಜಾಗವನ್ನೆಲ್ಲ ಒಂದೇ ತಾಳದ ಲೂಪ್ ತುಂಬಿತ್ತು. ಪಲ್ಲವಿಯ ಮಟ್ಟು ಸೊಗಸಾಗಿತ್ತು ಎಂಬುದನ್ನು ಹೇಳಲೇಬೇಕು. ಆದರೆ ಆ ಮಟ್ಟು ಎಲ್ಲಿಗೂ ಹೋಗಲಿಲ್ಲ.

ಇದಕ್ಕೆ ಸಂಗೀತ ನಿರ್ದೇಶಕರನ್ನಷ್ಟೇ ದೂರುವುದು ಸರಿಯಲ್ಲ. ಹಿಂದೆ ನಾಯಕ ನಾಯಕಿಯರು ತುಟಿ ಆಡಿಸುತ್ತ ಇಡೀ ಹಾಡನ್ನು ತೆರೆಯ ಮೇಲೆ ನಡೆಸುತ್ತಿದ್ದರು. ಇಂದು ಹಾಡು ಬಹುಮಟ್ಟಿಗೆ ಮಾಂಟೇಜಿನ, ಎಂದರೆ ಸರಸರನೆ ಸಾಗುವ ಬಿಡಿ ದೃಶ್ಯಗಳ ಜೋಡಣೆಯ, ಕೆಳಗೆ ಹರಿಯುತ್ತದೆ, ಸಂಕಲನದ ಮೇಜಿನ ಮೇಲೆ ಮೊದಲು ಕತ್ತರಿ ಬೀಳುವುದು ಎರಡನೆಯ ಚರಣಕ್ಕೆ. ತೆರೆಗೆ ಬರದ ಭಾಗವನ್ನು ಬರೆಯಲು ಯಾರಿಗೆ ಉತ್ಸಾಹ ಇರುತ್ತದೆ? ಸಂಗೀತ ನಿರ್ದೇಶಕ ಅನಿರುದ್ಧ್ ಅವರ ‘ವೈ ದಿಸ್ ಕೊಲವೆರಿ ಡಿ’ 2011ರ ನವೆಂಬರಿನಲ್ಲಿ ಯೂಟ್ಯೂಬಿನ ಮೂಲಕ ಹರಡಿದಾಗ, ಚಿತ್ರ ತೆರೆಕಾಣುವುದಕ್ಕೆ ತಿಂಗಳುಗಳ ಮೊದಲೇ ಒಂದು ಸಾಲು ಇಡೀ ದೇಶವನ್ನು ತಲುಪಬಲ್ಲದೆಂದು ನಿರ್ಮಾಪಕರಿಗೆ ಮನವರಿಕೆಯಾಯಿತು. ಸ್ಪಾಟಿಫೈಯಂತಹ ಸೇವೆಯಲ್ಲಿ 30 ಸೆಕೆಂಡು ಕೇಳಿದರೆ ಒಂದು ಸಲ ಕೇಳಿದಂತೆ ಲೆಕ್ಕ. ಹೀಗಾಗಿ ಹಿಡಿದು ನಿಲ್ಲಿಸುವ ಸಾಲನ್ನು ಆ ಅವಧಿಯೊಳಗೇ ತರುವ ಒತ್ತಡ ಹುಟ್ಟಿತು. ಅಂಥ ಲೆಕ್ಕಾಚಾರದಲ್ಲಿ ಎರಡನೆಯ ಚರಣಕ್ಕೆ ಬೆಲೆಯೇ ಇಲ್ಲ.

ಪ್ರಶ್ನೆ: ಉಳಿತಾಯ ಮಾಡಿ ಒಳ್ಳೆಯ ಹೆಡ್‌ಫೋನ್ ಕೊಂಡಿದ್ದೇನೆ. ಆದರೂ ಹೊಸ ತಮಿಳು ಹಾಡುಗಳಲ್ಲಿ ಗಾಯಕರ ಮಾತು ವಾದ್ಯಗಳ ನಡುವೆ ಮುಳುಗಿಹೋಗುತ್ತದೆ, ನಾಲ್ಕು ಹಾಡು ಕೇಳುವಷ್ಟರಲ್ಲಿ ಕಿವಿ ದಣಿಯುತ್ತದೆ. ಇಂದಿನ ಉಪಕರಣಗಳು ಹಿಂದಿನವಕ್ಕಿಂತ ಉತ್ತಮವಲ್ಲವೇ?
– ಓದುಗರು, ಜಯನಗರ

ಉತ್ತರ: ಖಂಡಿತವಾಗಿ ಉತ್ತಮ. 1992ರಲ್ಲಿ ‘ರೋಜಾ’ ಬಂದಾಗ ಎ.ಆರ್. ರೆಹಮಾನ್ ಅವರು ಒಂದೊಂದು ದನಿಗೂ ತನ್ನದೇ ಜಾಗ ಕೊಟ್ಟ ರೀತಿಯನ್ನು ಕೇಳಿ ಬೆರಗಾದವರಲ್ಲಿ ನಾನೂ ಒಬ್ಬ. ಅಂಥ ಸ್ಪಷ್ಟತೆ ಇಂದು ಸಣ್ಣ ಸ್ಟುಡಿಯೊಗಳಿಗೂ ದಕ್ಕುವಂತಿದೆ. ನಿಮ್ಮನ್ನು ದಣಿಸುತ್ತಿರುವುದು ಆ ಸಲಕರಣೆಗಳನ್ನು ಬಳಸುವ ಬಗೆ.

ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ರಾಮೋತ್ಸವದಲ್ಲಿ ಕುಳಿತು ತನಿ ಆವರ್ತನ (ಕಛೇರಿಯಲ್ಲಿ ತಾಳವಾದ್ಯಗಳು ಮಾತ್ರ ನುಡಿಯುವ ಭಾಗ) ಕೇಳಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮೃದಂಗದವರು ಬೆರಳ ತುದಿಯಲ್ಲಿ ಮಾತ್ರ ನುಡಿಸುವ ಗಳಿಗೆಯಲ್ಲಿ ಇಡೀ ಚಪ್ಪರ ಮುಂದಕ್ಕೆ ಬಾಗುತ್ತದೆ. ಆ ಮೆಲುದನಿ ಇದ್ದದ್ದರಿಂದಲೇ ಕೊನೆಯ ಮುಕ್ತಾಯದ ಪೆಟ್ಟಿಗೆ ಬಲ ಬರುತ್ತದೆ. ಧ್ವನಿಮುದ್ರಣದಲ್ಲಿ ಹಾಡನ್ನು ಜೋರಾಗಿ ಕೇಳಿಸುವ ಆಸೆಯಿಂದ ಮೆಲ್ಲನೆಯ ದನಿಗಳನ್ನು ಮೇಲಕ್ಕೆತ್ತಿ, ಜೋರಾದವನ್ನು ಅದುಮಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುವ ಕೆಲಸಕ್ಕೆ ಕಂಪ್ರೆಷನ್ ಎನ್ನುತ್ತಾರೆ. ಹಿತಮಿತವಾಗಿದ್ದರೆ ಅದು ಬೇಕಾದ ಸಾಧನವೇ. ಮಿತಿ ಮೀರಿದಾಗ ಗಾಯಕಿಯ ಉಸಿರು, ಬಾಸ್ ಗಿಟಾರಿನ ನಡೆ, ಪದದ ಕೊನೆಯ ವ್ಯಂಜನ ಎಲ್ಲವೂ ಒಂದೇ ಗೋಡೆಯಾಗುತ್ತವೆ. ವಿಷಾದದ ಸಂಗತಿಯೆಂದರೆ, ಇದರಿಂದ ಲಾಭವೂ ಇಲ್ಲ. ಸ್ಪಾಟಿಫೈ ಎಲ್ಲ ಹಾಡುಗಳನ್ನೂ ಸುಮಾರು ಮೈನಸ್ 14 ಲಫ್ಸ್ (ದನಿಯ ಜೋರನ್ನು ಅಳೆಯುವ ಮಾನ) ಎಂಬ ಒಂದೇ ಮಟ್ಟಕ್ಕೆ ತಂದು ಕೇಳಿಸುವುದರಿಂದ ಅದುಮಿ ಜೋರು ಮಾಡಿದ ಹಾಡು ಅಲ್ಲಿ ಮತ್ತೆ ತಗ್ಗುತ್ತದೆ, ಅದುಮಿದ ಗುರುತು ಮಾತ್ರ ಉಳಿಯುತ್ತದೆ.

ಎರಡನೆಯ ಕಾರಣ ದನಿಯ ತಿದ್ದುಪಡಿ. ಆಟೊಟ್ಯೂನ್ ಎಂಬ ತಂತ್ರಾಂಶ 1997ರಲ್ಲಿ ಬಂದಿತು. ಅಪಸ್ವರವನ್ನು ಹತ್ತಿರದ ಸ್ವರಕ್ಕೆ ಎಳೆದು ಕೂರಿಸುವುದು ಅದರ ಕೆಲಸ. ಪಿಯಾನೊ ಮಣೆಯ ಸ್ವರಗಳನ್ನಷ್ಟೇ ಆಧರಿಸಿದ ಹಾಡಿಗೆ ಅದರಿಂದ ಹೆಚ್ಚು ಹಾನಿಯಾಗಲಾರದು. ಆದರೆ ನಮ್ಮ ಗಮಕಗಳು, ಎಂದರೆ ಸ್ವರದ ಓಲಾಟಗಳು, ಬದುಕಿರುವುದೇ ಎರಡು ಸ್ವರಗಳ ನಡುವೆ. ತೋಡಿ ರಾಗದ ಗಾಂಧಾರ ಒಂದೆಡೆ ನಿಲ್ಲುವ ಸ್ವರವೇ ಅಲ್ಲ. ಅದನ್ನು ಎಳೆದು ಕೂರಿಸಿದರೆ ತೋಡಿಯೇ ಮಾಯವಾಗುತ್ತದೆ. ಶಾಸ್ತ್ರೀಯ ತಾಲೀಮು ಪಡೆದ ಗಾಯಕರ ಹಾಡೂ ಕೆಲವೊಮ್ಮೆ ಇಸ್ತ್ರಿ ಹಾಕಿದಂತೆ ಕೇಳಿಸಲು ಇದೇ ಕಾರಣ. ಇದು ನನಗೆ ನೋವು ಕೊಡುವ ಬೆಳವಣಿಗೆ, ಏಕೆಂದರೆ ಇಂದಿನ ಗಾಯಕ ಗಾಯಕಿಯರ ಕಂಠದಲ್ಲಿ ಕೊರತೆಯಿಲ್ಲ.

ನಿಮ್ಮ ಕೈಯಲ್ಲಿರುವ ಉಪಾಯಗಳನ್ನೂ ಹೇಳುತ್ತೇನೆ. ಫೋನಿನಲ್ಲಿ ಬಾಸ್ ಬೂಸ್ಟ್ ಆಗಲಿ ಈಕ್ವಲೈಸರ್ ಆಗಲಿ ಚಾಲೂ ಇದ್ದರೆ ತೆಗೆದುಬಿಡಿ. ಕೇಳುವ ಆ್ಯಪಿನಲ್ಲಿ ಗುಣಮಟ್ಟವನ್ನು ತಾನಾಗಿ ಆರಿಸಿಕೊಳ್ಳಲು ಬಿಡದೆ ಅತಿ ಹೆಚ್ಚಿನದಕ್ಕೆ ಇರಿಸಿ. ಬಳಿಕ ಹಾಡನ್ನು ಬಹಳ ಮೆಲ್ಲಗೆ, ಪಕ್ಕದ ಕೋಣೆಗೆ ಕೇಳದಷ್ಟು ಮೆಲ್ಲಗೆ ಕೇಳಿ. ಆಗಲೂ ಸಾಹಿತ್ಯ ಬಿಡಿಬಿಡಿಯಾಗಿ ಕೇಳಿಸಿದರೆ ಮಿಕ್ಸಿಂಗ್ ಮಾಡಿದವರು, ಎಂದರೆ ದನಿಗಳನ್ನು ಹದವಾಗಿ ಬೆರೆಸಿದವರು, ತಮ್ಮ ಕೆಲಸವನ್ನು ಚೆನ್ನಾಗಿ ಮಾಡಿದ್ದಾರೆ ಎಂದೇ ತಿಳಿಯಿರಿ.

ಪ್ರಶ್ನೆ: ಹಾಡುಗಳು ಸೊರಗಿದರೂ ತಮಿಳು ಚಿತ್ರಗಳ ಹಿನ್ನೆಲೆ ಸಂಗೀತವನ್ನು ಎಲ್ಲರೂ ಹೊಗಳುತ್ತಾರಲ್ಲ? ಹಾಗಾದರೆ ಹೊಸದರಲ್ಲಿ ಕೇಳಲು ಯೋಗ್ಯವಾದ ಹಾಡುಗಳು ಯಾವುವು?
– ಓದುಗರು, ರಾಜಾಜಿನಗರ

ಉತ್ತರ: ಪ್ರತಿಭೆ ಎತ್ತ ಹರಿದಿದೆ ಎಂಬುದನ್ನು ನೀವೇ ಗುರುತಿಸಿದ್ದೀರಿ. 2019ರ ‘ಕೈದಿ’ಯಲ್ಲಿ ಹಾಡುಗಳೇ ಇರಲಿಲ್ಲ, ಇಡೀ ರಾತ್ರಿಯ ಕಥೆಯನ್ನು ಸ್ಯಾಮ್ ಸಿ.ಎಸ್. ಅವರ ಹಿನ್ನೆಲೆ ಸಂಗೀತವೇ ಹೊತ್ತು ನಡೆಯಿತು. ಹಿಂದೆ ಹಾಡಿಗೆ ಸಲ್ಲುತ್ತಿದ್ದ ಶ್ರದ್ಧೆ ಈಗ ರೀರೆಕಾರ್ಡಿಂಗಿಗೆ, ಎಂದರೆ ಈ ಹಿನ್ನೆಲೆ ಸಂಗೀತದ ಕೆಲಸಕ್ಕೆ, ಸಲ್ಲುತ್ತಿದೆ.

ಕೇಳಲು ಯೋಗ್ಯವಾದವು ಸಾಕಷ್ಟಿವೆ. ಗೋವಿಂದ್ ವಸಂತ ಅವರ ‘96’ (2018) ಚಿತ್ರದ ಹಾಡುಗಳಿಂದ ಆರಂಭಿಸಿ. ಅಲ್ಲಿ ವಾದ್ಯಗಳು ಕಡಿಮೆ, ಬಿಡುವು ಹೆಚ್ಚು. ಸಂತೋಷ್ ನಾರಾಯಣನ್ ಅವರು ‘ಮದ್ರಾಸ್’ (2014) ಚಿತ್ರಕ್ಕಾಗಿ ಪ್ರದೀಪ್ ಕುಮಾರ್ ಅವರಿಂದ ಹಾಡಿಸಿದ ‘ಆಗಾಯಂ ತೀಪಿಡಿಚ್ಚಾ’ವನ್ನು ರಾತ್ರಿ ಹೊತ್ತು, ಸುತ್ತಮುತ್ತ ಸದ್ದು ಅಡಗಿದ ಮೇಲೆ ಕೇಳಿ. ‘ಅಮರನ್’ (2024) ಚಿತ್ರದಲ್ಲಿ ಜಿ.ವಿ. ಪ್ರಕಾಶ್ ಕುಮಾರ್ ಅವರ ‘ಹೇ ಮಿನ್ನಲೇ’ ಇದೆ. ದೊಡ್ಡ ನಟನ, ದೊಡ್ಡ ಬಜೆಟ್ಟಿನ ಚಿತ್ರದಲ್ಲೂ ಮಾಧುರ್ಯಕ್ಕೆ ಜಾಗವಿದೆ ಎಂಬುದಕ್ಕೆ ಅದು ಸಾಕ್ಷಿ. ಅಬ್ಬರದ ಹಾಡುಗಳನ್ನು ನಾನು ಬೇಡವೆನ್ನುವುದಿಲ್ಲ. ಥಿಯೇಟರಿನಲ್ಲಿ ನಾಯಕನ ಪ್ರವೇಶಕ್ಕೆ ಅವು ಬೇಕು. ಮನೆಗೆ ಹೊತ್ತು ತರಲು ಇವು ಬೇಕು.

ಪ್ರಶ್ನೆ: ನನ್ನ ಹತ್ತು ವರ್ಷದ ಮಗಳು ಮೂರು ವರ್ಷದಿಂದ ಕರ್ನಾಟಕ ಸಂಗೀತ ಕಲಿಯುತ್ತಿದ್ದಾಳೆ. ನಮ್ಮ ಅಪಾರ್ಟ್‌ಮೆಂಟಿನ ಗಣೇಶೋತ್ಸವದಲ್ಲಿ ಹೊಸ ತಮಿಳು ಹಾಡೊಂದನ್ನು ಹಾಡುತ್ತೇನೆಂದು ಹಟ ಹಿಡಿದಿದ್ದಾಳೆ. ಸಿನಿಮಾ ಹಾಡಿನಿಂದ ಕಲಿತದ್ದು ಕೆಡುತ್ತದೆ ಎಂದು ಅವಳ ಸಂಗೀತದ ಮೇಷ್ಟ್ರು ಹೇಳುತ್ತಾರೆ. ಏನು ಮಾಡಲಿ?
– ಓದುಗರು, ಮತ್ತಿಕೆರೆ

ಉತ್ತರ: ಮೇಷ್ಟ್ರ ಆತಂಕದಲ್ಲಿ ಅರ್ಥವಿದೆಯಮ್ಮ, ಆದರೆ ಹಾಡಿನ ಆಯ್ಕೆ ಸರಿಯಾಗಿದ್ದರೆ ಕೆಡುವುದಿಲ್ಲ. ‘ತಂಗಮೀನ್ಗಳ್’ (2013) ಚಿತ್ರದ ‘ಆನಂದ ಯಾಳೈ’ಯನ್ನು ನೀವಿಬ್ಬರೂ ಕೂತು ಕೇಳಿ. ತಂದೆ ಮಗಳ ಹಾಡು ಅದು. ನಾ. ಮುತ್ತುಕುಮಾರ್ ಅವರ ಸಾಹಿತ್ಯಕ್ಕೆ ರಾಷ್ಟ್ರಪ್ರಶಸ್ತಿ ಬಂದಿತು, ಯುವನ್ ಶಂಕರ್ ರಾಜಾ ಅವರ ಮಟ್ಟು ಮಗುವಿನ ಉಸಿರಿಗೆ ಭಾರವಾಗದು. ಸಾಹಿತ್ಯವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಡುವ ಮೊದಲು ತಮಿಳು ಬಲ್ಲ ನೆರೆಯವರಿಂದ ಪ್ರತಿ ಪದದ ಅರ್ಥ, ಉಚ್ಚಾರಣೆ ಎರಡನ್ನೂ ಕೇಳಿ ತಿಳಿಯಿರಿ. ವಿಶೇಷವಾಗಿ ‘ಯಾಳ್’ ಎಂಬಲ್ಲಿನ ಅಕ್ಷರ ನಮ್ಮ ಹಳಗನ್ನಡದಲ್ಲಿದ್ದ ‘ೞ’ಕಾರ, ನಾಲಗೆಯನ್ನು ಹಿಂದಕ್ಕೆ ಮಡಿಸಿ ನುಡಿಯಬೇಕಾದದ್ದು.

ಇನ್ನೊಂದು ಮಾತು. ಕರೋಕೆ ಟ್ರ್ಯಾಕನ್ನು ಹಾಕಿ ಹಾಡಿಸಬೇಡಿ. ಮೂಲ ಹಾಡು ಗಂಡುದನಿಯದು, ಟ್ರ್ಯಾಕ್ ಅದೇ ಶ್ರುತಿಯಲ್ಲಿರುತ್ತದೆ, ಮಗು ಅದಕ್ಕೆ ಹೊಂದಿಕೊಳ್ಳಲು ಗಂಟಲನ್ನು ಅದುಮುತ್ತಾಳೆ. ‘96’ ಚಿತ್ರದಲ್ಲಿ ಶಾಲೆಯ ಹುಡುಗಿ ಜಾನಕಿ ಯಾವ ವಾದ್ಯವೂ ಇಲ್ಲದೆ ಹಾಡುವುದನ್ನು ಮಗಳಿಗೆ ತೋರಿಸಿ, ಅವಳ ಹಿಂಜರಿಕೆ ಹೋಗುತ್ತದೆ. ಪಾಠಕ್ಕೆ ಕೂರುವಾಗ ಅವಳು ಯಾವ ಶ್ರುತಿ ಇಟ್ಟುಕೊಳ್ಳುತ್ತಾಳೋ ಅದಕ್ಕೇ ಶ್ರುತಿಪೆಟ್ಟಿಗೆಯನ್ನು ಇಟ್ಟು, ಚರಣಗಳನ್ನು ಒಂದನ್ನೂ ಬಿಡದಂತೆ ಹಾಡಿಸಿ, ಹಬ್ಬಕ್ಕೆ ಒಂದು ವಾರ ಮೊದಲು ಮೇಷ್ಟ್ರ ಎದುರು ಕೂರಿಸಿ ಒಮ್ಮೆ ಕೇಳಿಸಿ.