ಸೋಲಾರ್ ಬೇಲಿ ಹಾಕುವ ಮೊದಲು ಆನೆ ದಾರಿ ನೋಡಿಕೊಳ್ಳಿ

ಎಚ್.ಡಿ. ಕೋಟೆ ಕಡೆ ಕಾಡಂಚಿನಲ್ಲಿ ಜಮೀನು ತಗೊಂಡಿದ್ದೀರಿ, ಸುತ್ತ ಸೋಲಾರ್ ಬೇಲಿ ಹಾಕಿದರೆ ಆನೆ ದಾರಿಗೆ ಅಡ್ಡವಾಗುತ್ತಾ ಅಂತ ಕೇಳಿದ್ದೀರಿ. ಹಾಕುವ ಮೊದಲೇ ಕೇಳಿದಿರಲ್ಲ, ಖುಷಿಯಾಯಿತು.

ಆನೆ ಸುಮ್ನೆ ಅಲೆಯುವುದಿಲ್ಲ. ದೊಡ್ಡ ಆನೆಗೆ ದಿನಕ್ಕೆ ಸುಮಾರು 150 ಕೆಜಿ ಮೇವು ಬೇಕು, ನೀರೂ ಜಾಸ್ತಿ ಬೇಕು. ಬೇಸಿಗೆಯಲ್ಲಿ ನಾಗರಹೊಳೆ, ಬಂಡೀಪುರದ ಆನೆಗಳು ಕಬಿನಿ ಹಿನ್ನೀರಿಗೆ ಬರುತ್ತವೆ, ಮಳೆ ಬಂದ ಮೇಲೆ ಚದುರುತ್ತವೆ. ಸಂಶೋಧಕರು ಆನೆ ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ಅದು ಎಲ್ಲೆಲ್ಲಿ ಹೋಯಿತು ಅಂತ ನೋಡುತ್ತಾರೆ. ಆಮೇಲೆ ಇಳಿಜಾರು, ನೀರು, ರಸ್ತೆ, ಮನೆ ಎಲ್ಲ ಲೆಕ್ಕ ಹಾಕಿ, ಆನೆಗೆ ಕಷ್ಟ ಕಡಿಮೆ ಇರುವ ದಾರಿ ಯಾವುದು ಅಂತ ಕಂಪ್ಯೂಟರಿನಲ್ಲಿ ಅಂದಾಜು ಮಾಡುತ್ತಾರೆ. ಆದರೆ ಎರಡು ಎಕರೆ ಜಮೀನಿಗೆ ಆ ನಕ್ಷೆ ಸಾಲದು, ಕಾಲ್ನಡಿಗೆಯೇ ಬೇಕು.

ಹಳ್ಳದ ಗುಂಟ ಬೆಳಿಗ್ಗೆ ಒಂದು ಸುತ್ತು ಹಾಕಿ. ಲದ್ದಿ ಬಿದ್ದಿದೆಯಾ? ಆಳೆತ್ತರಕ್ಕಿಂತ ಮೇಲೆ ಮರದ ತೊಗಟೆಗೆ ಕೆಸರು ಒಣಗಿ ಅಂಟಿದ್ದರೆ, ಅಲ್ಲಿ ಆನೆ ಮೈ ಉಜ್ಜಿದೆ ಅಂತ ಅರ್ಥ. ತಾರೀಖು, ಬಂದ ದಿಕ್ಕು ಬರೆದಿಡಿ. ದನ ಮೇಯಿಸುವ ಹಿರಿಯರನ್ನೂ ಕೇಳಿ, ಅವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿರುವುದಿಲ್ಲ.

ಆನೆ ದಾರಿ ಇದ್ದರೆ ಅಷ್ಟು ಜಾಗ ಬಿಟ್ಟು, ಮನೆ ಮತ್ತು ಬೆಳೆ ಸುತ್ತ ಮಾತ್ರ ಬೇಲಿ ಹಾಕಿ. ಪೂರ್ತಿ ಮುಚ್ಚಿದರೆ ಆನೆ ಪಕ್ಕದವರ ರಾಗಿಗೆ ನುಗ್ಗುತ್ತದೆ, ಅಲ್ವಾ? ಮನೆ ಕರೆಂಟನ್ನು ಮಾತ್ರ ಬೇಲಿಗೆ ಕೊಡಲೇಬೇಡಿ. ಆನೆಯೂ ಸಾಯುತ್ತದೆ, ಮನುಷ್ಯರೂ ಸಾಯುತ್ತಾರೆ. ಆನೆ ಒಳಗೆ ಬಂದರೆ ಓಡಿಸಲು ಹೋಗದೆ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ.